ಸ್ವಂತ ಮನೆಗೆ ರಜೆಯಲ್ಲಿ ಬಂದವಳು

ನಿನ್ನ ಕೈಯಿಂದ ಆಗುವುದಿಲ್ಲ ಎಂದು ನನಗೆ ಹೇಳಿದವರನ್ನೆಲ್ಲ ಕರೆದರೆ ಒಂದು ಪಂಕ್ತಿ ಊಟಕ್ಕೆ ಕೂಡಿಸುವಷ್ಟು ಜನ ಆಗುತ್ತಾರೆ. ನಾಲ್ಕನೆಯ ಇಯತ್ತೆಯಲ್ಲಿ ನನ್ನ ಪಾಟಿ ನೋಡಿದ ಮಾಸ್ತರರು, ಈ ತಲೆಗೆ ಅಕ್ಷರ ಹತ್ತುವುದಿಲ್ಲ, ಎಮ್ಮೆ ಕಾಯಲು ಹಚ್ಚಿರಿ ಎಂದು ಅವ್ವನಿಗೆ ಹೇಳಿ ಕಳಿಸಿದರು. ಗಂಡ ಸತ್ತಾಗ ನನಗೆ ಇಪ್ಪತ್ನಾಲ್ಕು. ಮಕ್ಕಳಿರಲಿಲ್ಲ. ಒಬ್ಬಾಕೆ ಹೆಂಗಸು ಹೇಗೆ ಬದುಕುತ್ತಾಳೆ, ಹಿತ್ತಲಕಡೆ ಪಡಸಾಲೆಯಲ್ಲಿ ಬಿದ್ದುಕೊಂಡಿರಲಿ ಎಂದು ಮಾವ ತೀರ್ಪು ಕೊಟ್ಟ. ನಾನು ಬಿದ್ದುಕೊಳ್ಳಲಿಲ್ಲ. ಧಾರವಾಡಕ್ಕೆ ಬಂದು ಒಂದು ಖಾನಾವಳಿಯಲ್ಲಿ ಆರು ವರ್ಷ ರೊಟ್ಟಿ ಬಡಿದೆ. ಮಸ್ಕತ್ತಿಗೆ ಅಡುಗೆ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಖಾನಾವಳಿ ನಡೆಸುವ ಅಕ್ಕ ಹಂಚಿನ ಮೇಲಿನ ರೊಟ್ಟಿ ಕರಕಾಗುವತನಕ ನಕ್ಕಳು.

"ಕಲಘಟಗಿ ಬಸ್ಸಿನ್ಯಾಗ ವಾಂತಿ ಮಾಡ್ಕೊಳ್ಳಾಕಿ ನೀ. ವಿಮಾನದಾಗ ಹೊಂಟೀಯೇನು?"

ವಿಮಾನದಲ್ಲೂ ವಾಂತಿ ಮಾಡಿಕೊಂಡೆ. ಆದರೆ ಮುಟ್ಟಿದೆ.

ಅಕ್ಷರದ ಮಾತೂ ಹೇಳಿಬಿಡುತ್ತೇನೆ. ಖಾನಾವಳಿಯಲ್ಲಿ ರೊಟ್ಟಿಯ ಬುಟ್ಟಿಗೆ ಹಳೆಯ ಪತ್ರಿಕೆ ಹಾಸುತ್ತಿದ್ದೆವು. ಮಧ್ಯಾಹ್ನ ರೊಟ್ಟಿ ಖಾಲಿಯಾದ ಮೇಲೆ ಆ ಹಾಳೆ ಬಿಡಿಸಿಕೊಂಡು ಕೂಡುತ್ತಿದ್ದೆ. ಮೊದಲು ತಲೆಬರಹ, ಆಮೇಲೆ ನಿಧನ ವಾರ್ತೆ, ಆಮೇಲೆ ಎಲ್ಲ. ಮಾಸ್ತರರು ಹತ್ತಿಸಲಾರದ್ದನ್ನು ರೊಟ್ಟಿಯ ಹಿಟ್ಟು ಹತ್ತಿಸಿತು. ಇವತ್ತಿಗೂ ಪುಸ್ತಕ ತೆರೆದರೆ ಮೊದಲು ಜೋಳದ ಹಿಟ್ಟು ಝಾಡಿಸುವವಳಂತೆ ಕೈ ಆಡಿಸುತ್ತೇನೆ.

ಮಸ್ಕತ್ತಿನಲ್ಲಿ ಹದಿನಾರು ವರ್ಷ ಇದ್ದೆ. ಎರಡು ವರ್ಷಕ್ಕೊಮ್ಮೆ ತಿಂಗಳ ರಜೆ. ಅಷ್ಟೂ ವರ್ಷ ನನಗೆ ಬೇಕಾಗಿದ್ದು ಒಂದೇ. ನನ್ನದೇ ಒಂದು ಮನೆ, ಅಲ್ಲಿ ಯಾರೂ ನನ್ನನ್ನು ಬಂದವಳಂತೆ ನೋಡದೆ ಇದ್ದವಳಂತೆ ನೋಡಬೇಕು. ಹುಟ್ಟಿದ ಮನೆ, ಕೊಟ್ಟ ಮನೆ, ಖಾನಾವಳಿಯ ಸಾಮಾನಿನ ಖೋಲಿ, ಎಲ್ಲ ಕಡೆಗೂ ನಾನು ಯಾರದೋ ಮೂಲೆಯಲ್ಲಿ ಇದ್ದವಳೇ. ದೂರ ಹೋಗಿ ದುಡಿದು ಹಬ್ಬಕ್ಕೆ ಬರುವವರಿಗೆಲ್ಲ ಕೆಳಗಿನಂಥವು ಆಗುತ್ತಲೇ ಇರುತ್ತವೆ. ಆದ ದಿನ ನಗು ಬರುವುದಿಲ್ಲ, ಅಷ್ಟೇ.

೧. ಗೋಡೆಯ ಮೇಲಿನ ಕಾಲುಗಳು

ನಾನು ದುಡಿಯುತ್ತಿದ್ದ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳಿದ್ದಳು. ಅಡುಗೆಗೆ ನಾನು, ಮುದುಕಿಯನ್ನು ನೋಡಿಕೊಳ್ಳಲು ಫಿಲಿಪೀನ್ಸಿನವಳೊಬ್ಬಳು. ಹಿಂದಿನ ಒಂದೇ ಖೋಲಿಯಲ್ಲಿ ನಾವಿಬ್ಬರೂ. ಆಕೆಗೆ ಬರುವ ಇಂಗ್ಲಿಷು, ನನಗೆ ಬರುವ ಹಿಂದಿ, ಇಬ್ಬರಿಗೂ ಅರ್ಧ ಬರುವ ಅರಬ್ಬಿ ಕೂಡಿಸಿ ಮಾತಾಡುತ್ತಿದ್ದೆವು. ಜಗಳ ಮಾತ್ರ ಆಕೆ ಆಕೆಯ ಭಾಷೆಯಲ್ಲಿ, ನಾನು ಧಾರವಾಡದ ಭಾಷೆಯಲ್ಲಿ. ಅದು ಚೆನ್ನಾಗಿ ತಿಳಿಯುತ್ತಿತ್ತು.

ಅವರ ದೊಡ್ಡ ಹಬ್ಬ ಕ್ರಿಸ್ಮಸ್ಸು. ಇರುವುದು ಡಿಸೆಂಬರಿನಲ್ಲಿ. ಆಕೆ ಹಾಡು ಹಚ್ಚುತ್ತಿದ್ದದ್ದು ಸೆಪ್ಟೆಂಬರ್ ಒಂದನೆಯ ತಾರೀಖಿಗೆ. ಅದೇ ದಿನ ಸೊಂಟದೆತ್ತರದ ಒಂದು ರಟ್ಟಿನ ಡಬ್ಬಿ ತಂದು ಮಂಚದ ಕಾಲಕಡೆ ನಿಲ್ಲಿಸುತ್ತಿದ್ದಳು. ಅವರ ದೇಶದವರು ಯಾರೂ ಆ ಡಬ್ಬಿ ಇಲ್ಲದೆ ಊರಿಗೆ ಹೋಗುವುದಿಲ್ಲವಂತೆ. ಸಾಬೂನು, ಟವೆಲ್ಲು, ಚಾಕಲೇಟು, ಡಬ್ಬಿಯಲ್ಲಿನ ಮೀನು, ಶಾಂಪೂ, ಒಂದೊಂದೇ ತಂದು ತುಂಬುವುದು. ಮನೆಯವರೆಲ್ಲರಿಗೂ ಬೂಟು ಬೇಕು. ಅಳತೆಗೆ ಅವರು ಹಾಳೆಯ ಮೇಲೆ ಕಾಲಿಟ್ಟು ಗೆರೆ ಎಳೆದು ಕಳಿಸಿದ್ದರು. ಅವನ್ನೆಲ್ಲ ಗೋಡೆಗೆ ಹಚ್ಚಿದ್ದಳು. ಮೂರು ತಿಂಗಳು ನಾನು ಬೆಳಗ್ಗೆ ಎದ್ದ ಕೂಡಲೆ ಹನ್ನೊಂದು ಎಡಗಾಲುಗಳ ಮುಖ ನೋಡುತ್ತಿದ್ದೆ.

ಮೊದಲ ಸಲ ಆಕೆ ರಜೆ ಮುಗಿಸಿ ಬಂದಾಗ ಮನೆ ಹೇಗಿತ್ತು ಎಂದು ಕೇಳಿದೆ. ವಿಮಾನ ನಿಲ್ದಾಣಕ್ಕೆ ಒಂದು ಜೀಪು ತುಂಬ ಜನ ಬಂದಿದ್ದರಂತೆ. ಮೊದಲು ಡಬ್ಬಿಯನ್ನು ಅಪ್ಪಿಕೊಂಡು ಆಮೇಲೆ ಆಕೆಯನ್ನು ಅಪ್ಪಿಕೊಂಡರಂತೆ. ಆಕೆಯೇ ದುಡಿದು ಕಟ್ಟಿಸಿದ ಮನೆ. ಆಕೆಯ ಖೋಲಿಯಲ್ಲಿ ಅವಳ ತಮ್ಮ ಹಾಡುವ ಯಂತ್ರ ಇಟ್ಟು ಓಣಿಯವರಿಗೆ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿದ್ದ. ಓಣಿಯವರು ಮೈಕು ಹಿಡಿದು ಅಳುವ ಹಾಡು ಹೇಳುವಾಗ ಆಕೆ ಅದೇ ಖೋಲಿಯ ಮೂಲೆಯಲ್ಲಿ ಚಾಪೆ ಹಾಸಿ ಮಲಗಿದಳಂತೆ. ಹಬ್ಬದ ಊಟಕ್ಕೆ ಕೂತಾಗ ಅವಳಪ್ಪ, ನೀನು ಅನ್ನ ಉಣ್ಣುತ್ತೀಯೇನು ಎಂದು ಬಹಳ ಮರ್ಯಾದೆಯಿಂದ ಕೇಳಿದನಂತೆ.

ಇದನ್ನು ಹೇಳುತ್ತ ಆಕೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಾನೂ ನಕ್ಕೆ. ನಕ್ಕು, ನಮ್ಮ ಕಡೆಯವರು ಹಾಗಲ್ಲ ಎಂದೆ.

ಆಕೆ ನಗುವುದನ್ನು ನಿಲ್ಲಿಸಿ ಕೇಳಿದಳು: ನಿನ್ನ ಮನೆ ಇನ್ನೂ ಕಟ್ಟಿಲ್ಲ ಅಲ್ಲವೇ?

೨. ಕುಂಕುಮ ಹಚ್ಚಿದ ಡಬ್ಬಿ

ಆಕೆಯನ್ನು ನೋಡಿ ನಾನೂ ಒಂದು ಡಬ್ಬಿ ತುಂಬಿಕೊಂಡು ದೀಪಾವಳಿಗೆ ಬಂದೆ. ನಮ್ಮಣ್ಣ ಆಗ ಧಾರವಾಡದಲ್ಲಿ ಬಾಡಿಗೆ ಮನೆಯಲ್ಲಿದ್ದ. ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮನೆಯಲ್ಲಿ ಅವನು, ನಾನು ವೈನಿ ಎನ್ನುವ ಅವನ ಹೆಂಡತಿ, ಅವರೊಬ್ಬ ಮಗ, ನಮ್ಮೂರು ಮುಗದದಿಂದ ಬಂದು ಅವರ ಕೂಡ ಇದ್ದ ನಮ್ಮವ್ವ. ನಮ್ಮ ಮನೆಯಲ್ಲಿ ತತ್ತಿಯ ಸಿಪ್ಪೆಯೂ ಹೊಸ್ತಿಲು ದಾಟುವುದಿಲ್ಲ.

ಡಬ್ಬಿ ಬಿಚ್ಚಿದಾಗ ಕೆಳಗಡೆ ನಾನಿಡದ ಒಂದು ಸಾಮಾನಿತ್ತು. ಅಂಗೈಯಗಲದ ತಗಡಿನ ಡಬ್ಬಿ, ಮೇಲೆ ಕೆಂಪಗಿನ ಟೊಮೆಟೊ ಚಿತ್ರ. ಫಿಲಿಪೀನ್ಸಿನವಳು ಪ್ರೀತಿಯಿಂದ ಸೇರಿಸಿದ್ದಳು. ನಾನು ಅದನ್ನು ತಿರುಗಿಸಿ ಹಿಂದಿನ ಚಿತ್ರ ನೋಡುವಷ್ಟರಲ್ಲಿ ವೈನಿ ಎತ್ತಿಕೊಂಡು ಹೋಗಿ ಷೋಕೇಸಿನಲ್ಲಿ ಇಟ್ಟಾಗಿತ್ತು. ನೋಡಲಿಕ್ಕೆ ಬಂದವರೆಲ್ಲ ಕೂತಿದ್ದರು. ಅವರೆದುರಿಗೆ ಹೇಳುವಂತಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ, ಮರೆತೆ, ಹೋದೆ.

ಎರಡು ವರ್ಷ ಬಿಟ್ಟು ಮತ್ತೆ ದೀಪಾವಳಿಗೆ ಬಂದೆ. ಲಕ್ಷ್ಮೀಪೂಜೆಯ ದಿನ ನಮ್ಮಲ್ಲಿ ಮನೆಯೊಳಗಿನ ಬೆಲೆಯುಳ್ಳ ಸಾಮಾನಿಗೆಲ್ಲ ಅರಿಷಿಣ ಕುಂಕುಮ ಹಚ್ಚುತ್ತಾರೆ. ತಿಜೋರಿ, ಹೊಲಿಗೆ ಮಶೀನು, ಸ್ಕೂಟರು, ಟೀವಿ. ವೈನಿ ತಾಟು ಹಿಡಿದು ಷೋಕೇಸಿಗೆ ಬಂದಳು. ಮಗನ ಓಟದ ಕಪ್ಪಿಗೆ ಒಂದು ಬೊಟ್ಟು, ಟೇಬಲ್ ಗಡಿಯಾರಕ್ಕೆ ಒಂದು, ನಡುವೆ ಟೊಮೆಟೊ ಡಬ್ಬಿಗೆ ಮೂರು ಬೊಟ್ಟು ಇಟ್ಟು ಒಂದು ಸೇವಂತಿಗೆ ಏರಿಸಿದಳು. ಡಬ್ಬಿಯ ಮೇಲೆ ಹಿಂದಿನ ವರ್ಷದ ಕುಂಕುಮವೂ ಇತ್ತು.

"ವೈನಿ, ಇದನ್ನ ಒಡದಿಲ್ಲೇನ್ರಿ ಇನ್ನೂ?"

"ಫಾರಿನ್ ಟೊಮೆಟೊ ಅದು, ಒಡದ ತಿಂದ್ರ ಮುಗೀತು. ಇಟ್ರ ಮನಿಗೆ ಒಂದು ಕಳಾ ಐತಿ. ಮಂದಿ ಕೇಳ್ತಾರ."

ಎಲ್ಲರೂ ಆರತಿ ಮಾಡಿ ಕೈ ಮುಗಿದರು. ಆ ಡಬ್ಬಿಯೊಳಗೆ ನಾಲ್ಕು ಮೀನು ಮಲಗಿದ್ದು ಇಡೀ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಅವ್ವ ನನ್ನ ಮುಖ ನೋಡಿ, ಯಾಕ ನಿಂತಿ, ಕೈ ಮುಗಿ ಎಂದಳು.

ಮುಗಿದೆ.

೩. ನನ್ನ ರಾಶಿಗೆ ಬಂದ ದಿಕ್ಕು

ಅದೇ ರಜೆಯಲ್ಲಿ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಒಂದು ಜಾಗ ಕೊಂಡೆ. ಖರೀದಿ ಪತ್ರವನ್ನು ನೋಂದಣಿ ಕಚೇರಿಯ ಬಾಕಿನ ಮೇಲೆ ಕೂತು ಮೊದಲಕ್ಷರದಿಂದ ಕೊನೆಯತನಕ ಓದಿದೆ. ಬರೆದವನು, ಅಕ್ಕಾರ, ಎಲ್ಲಾರೂ ಸಹಿ ಮಾಡಿ ಹೋಗ್ತಾರ, ನೀವೊಬ್ರ ಕಾದಂಬರಿ ಹಂಗ ಓದಾಕತ್ತೀರಿ ಎಂದ. ಜಾಗ ನನ್ನ ಹೆಸರಿನಲ್ಲಿ, ಕಟ್ಟಿಸುವ ಉಸಾಬರಿ ಅಣ್ಣನದು, ಕಟ್ಟಿದ ಮೇಲೆ ಅವ್ವನನ್ನು ಕರೆದುಕೊಂಡು ಎಲ್ಲರೂ ಅಲ್ಲಿಯೇ ಇರುವುದು. ನನಗೂ ಒಂದು ಖೋಲಿ. ಹೀಗೆ ಮಾತಾಗಿತ್ತು.

ಮಸ್ಕತ್ತಿಗೆ ಮರಳಿದ ಮೇಲೆ ಅಣ್ಣ ಫೋನಿನಲ್ಲಿ ನಕ್ಷೆ ತೋರಿಸಿದ. ವಾಸ್ತು ನೋಡುವವರನ್ನು ಕರೆಸಿದ್ದನಂತೆ. ನೈರುತ್ಯದ ಖೋಲಿ ಮನೆಯ ಯಜಮಾನನಿಗೆ ಎಂದರಂತೆ, ಆದಕಾರಣ ಅಲ್ಲಿ ಅಣ್ಣ-ವೈನಿ. ವಾಯವ್ಯದಲ್ಲಿ ಮಲಗಿದರೆ ಹುಡುಗರ ಓದು ಚುರುಕಾಗುತ್ತದೆಯಂತೆ, ಅಲ್ಲಿ ಮಗ. ಈಶಾನ್ಯ ದೇವರಿಗೆ ಬಿಟ್ಟದ್ದು. ಮಲಗುವ ಖೋಲಿ ಇದ್ದದ್ದೇ ಎರಡು.

"ಅಣ್ಣಾ, ನಂದು?"

ಅವನು ಸ್ವಲ್ಪ ಹೊತ್ತು ನಕ್ಷೆಯನ್ನು ಆಚೀಚೆ ತಿರುಗಿಸಿದ.

"ನಿನ್ನ ರಾಶಿ ನೋಡಿಸೇನಿ ತಂಗಿ. ನಿನಗ ಆಗ್ನೇಯ ಭಾಳ ಛಲೋ ಐತಂತ. ದಿಕ್ಕು ಅಂದ್ರ ಅದ ನೋಡು, ಬೆಂಕಿ ದಿಕ್ಕು, ಲಕ್ಷ್ಮಿ ದಿಕ್ಕು."

ಫೋನನ್ನು ಕಣ್ಣಿನ ಹತ್ತಿರ ಹಿಡಿದು ನಕ್ಷೆಯ ಆಗ್ನೇಯ ಮೂಲೆಯನ್ನು ಓದಿದೆ. ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಅಡುಗೆಮನೆ.

೪. ಕಡೆಯ ದರ್ಶನ

ಹೊಸ ಮನೆಯಲ್ಲಿ ಅವ್ವ ಒಂದು ವರ್ಷ ಇದ್ದಳು. ನಡುಮನೆಯ ಕಿಟಕಿಯ ಕೆಳಗೆ ಆಕೆಯ ಹಾಸಿಗೆ. ಒಂದು ಮುಂಜಾನೆ ಹೋಗಿಬಿಟ್ಟಳು. ಅದೇ ಸಂಜೆ ಮಣ್ಣು. ಯಾವ ವಿಮಾನ ಹಿಡಿದರೂ ಮುಟ್ಟುವಂತಿರಲಿಲ್ಲ. ಅಣ್ಣನ ಮಗ ಫೋನಿನಲ್ಲಿ ತೋರಿಸುತ್ತೇನೆ ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಎಂದ.

ನಮ್ಮಲ್ಲಿ ಹೆಣವನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂವಿನಿಂದ ಶೃಂಗಾರ ಮಾಡಿ ಒಯ್ಯುತ್ತಾರೆ. ಅವ್ವ ಕೂತದ್ದು ಒಂದು ಗಳಿಗೆ ಕಂಡಿತು. ನನ್ನ ಪಕ್ಕದಲ್ಲಿ ಫಿಲಿಪೀನ್ಸಿನವಳೂ ಕೂತಿದ್ದಳು. ಜನ ನುಗ್ಗಿದರು, ಹುಡುಗನ ಕೈ ಕೆಳಗಾಯಿತು, ಚಿತ್ರ ಹಾಗೆಯೇ ನಿಂತುಬಿಟ್ಟಿತು. ಧ್ವನಿ ಮಾತ್ರ ಬರುತ್ತಿತ್ತು. ಈಗ ಎತ್ತಿದರು, ಈಗ ಇಳಿಸಿದರು, ಎಲ್ಲ ಕೇಳುತ್ತಿತ್ತು. ಕಾಣುತ್ತಿದ್ದದ್ದು ಕಂದು ಬಣ್ಣದ, ಉಂಗುಟ ಕಿತ್ತ ಒಂದು ಗಂಡಸಿನ ಚಪ್ಪಲಿ.

ಕಟ್ ಮಾಡಿದರೆ ಮತ್ತೆ ಹತ್ತುವುದಿಲ್ಲ ಎಂಬ ಹೆದರಿಕೆಗೆ ಕಟ್ ಮಾಡಲಿಲ್ಲ. ಮಣ್ಣು ಹಾಕುವತನಕ ಆ ಚಪ್ಪಲಿಯ ಮುಂದೆಯೇ ಕೈ ಮುಗಿದುಕೊಂಡು ಕೂತೆ. ನಮ್ಮ ಪದ್ಧತಿ ಹೀಗೆಯೇ ಎಂದುಕೊಂಡು ಫಿಲಿಪೀನ್ಸಿನವಳೂ ಅದಕ್ಕೆ ತಲೆಬಾಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದಳು.

ಮುಂದಿನ ಸಲ ಊರಿಗೆ ಬಂದಾಗ ಚಪ್ಪಲಿ ಯಾರದೆಂದು ತಿಳಿಯಿತು. ಶಾಮಿಯಾನಾ ಹಾಕಲು ಬಂದವನದು.

೫. ಪಂಚಮಿಗೆ ಕರೆದರು

ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆದುಕೊಂಡು ಬರಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು. ಗಂಡ ಸತ್ತ ಮೇಲೆ ನನ್ನನ್ನು ಯಾರೂ ಹಬ್ಬಕ್ಕೆ ಕರೆದವರಿಲ್ಲ. ಅವ್ವ ಹೋದ ಮರುವರ್ಷ ಅಣ್ಣ ತಾನಾಗಿಯೇ ಫೋನು ಮಾಡಿ, ಈ ಸಲ ಪಂಚಮಿಗೆ ತವರಿಗೆ ಬಾ ಎಂದ. ಕಣ್ಣು ತುಂಬಿ ಬಂದವು. ಫೋನು ಇಟ್ಟ ಮೇಲೆ ನೆನಪಾಯಿತು, ಅವನು ಕರೆದದ್ದು ನನ್ನ ಮನೆಗೇ.

ಬಂದೆ. ನಡುಮನೆಯ ದಿವಾನದ ಮೇಲೆ ಹೊಸ ಚಾದರ ಹಾಸಿದ್ದರು. ಚಹಾಕ್ಕೆ ಬಂಗಾರದ ಅಂಚಿನ ಕಪ್ಪು, ಉಳಿದವರಿಗೆಲ್ಲ ಸ್ಟೀಲಿನ ಲೋಟ. ಸಕ್ಕರೆ ಎಷ್ಟು ಹಾಕಲಿ ಎಂದು ವೈನಿ ಕೇಳಿದಳು. ನಾನು ಎದ್ದು ಅಡುಗೆಮನೆಗೆ ಹೋದರೆ, ನೀ ಕೂಡು, ಬಂದವರ ಕೈಲೆ ಕೆಲಸಾ ಮಾಡಿಸಿದ್ರ ಮಂದಿ ಏನಂತಾರ ಎಂದು ಹೊರಗೆ ಕಳಿಸಿದಳು. ನನ್ನ ರಾಶಿಗೆ ಬಂದಿದ್ದ ಒಂದು ಮೂಲೆಯೂ ಹೋಯಿತು. ಮೂರನೆಯ ದಿನ ಅಣ್ಣ ಪೇಪರಿನ ಹಿಂದಿನಿಂದ, ಟಿಕೀಟು ಯಾವತ್ತಿಂದು ಎಂದ.

ಹಬ್ಬ ಮುಗಿಯಿತು. ತವರಿನಿಂದ ಮಗಳನ್ನು ಹೇಗೆ ಕಳಿಸುತ್ತಾರೋ ಹಾಗೆಯೇ ನನ್ನನ್ನು ಕಳಿಸಿದರು. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಬೇಸನ್ ಉಂಡಿ, ರವೆ ಉಂಡಿ, ಅಳ್ಳಿಟ್ಟಿನ ಉಂಡಿ, ಐದು ನಮೂನಿ ಡಬ್ಬಿ ತುಂಬಿ, ಮೇಲೊಂದು ಸೀರೆ. ಆಟೋ ಹತ್ತುವಾಗ ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು, ನಿಮ್ಮ ಮನಿ ಇದ್ದಂಗ ಐತಿ, ಮತ್ತ ಬರ್ರಿ ಎಂದಳು. ಅದುವರೆಗೆ ನನ್ನನ್ನು ನೀ ಎನ್ನುತ್ತಿದ್ದವಳು ಅವತ್ತು ನೀವು ಎಂದಳು.

ಮಸ್ಕತ್ತಿನಲ್ಲಿ ಫಿಲಿಪೀನ್ಸಿನವಳು ಉಂಡಿ ತಿನ್ನುತ್ತ ಕತೆಯನ್ನೆಲ್ಲ ಕೇಳಿದಳು. ನಾನು ಹೇಳಿದ್ದೆ ಎಂದು ಅನ್ನಲಿಲ್ಲ, ಅದು ಆಕೆಯ ದೊಡ್ಡ ಗುಣ. ಮುಂದಿನ ಸಲ ತಾರೀಖು ಹೇಳದೆ ಹೋಗು ಎಂದಳು. ತಾರೀಖು ಹೇಳಿ ಹೋದರೆ ನೀನು ಕಾಣುವುದು ಅವರು ತಯಾರು ಮಾಡಿಟ್ಟ ಮನೆಯನ್ನು, ಹೇಳದೆ ಹೋದರೆ ಇದ್ದ ಮನೆಯನ್ನು.

ನೀನು ಹಾಗೆ ಹೋಗಿದ್ದೀಯಾ ಎಂದು ಕೇಳಿದೆ.

ಆಕೆ ಇನ್ನೊಂದು ಉಂಡಿ ಬಾಯಿಗಿಟ್ಟುಕೊಂಡು, ನನಗೆ ಅಷ್ಟು ಧೈರ್ಯ ಇಲ್ಲ ಎಂದಳು.

೬. ಎದುರು ಮನೆಯವಳು

ಹಾಸಿಗೆ ಹಿಡಿದಿದ್ದ ಮುದುಕಿ ತೀರಿಕೊಂಡಳು. ನನ್ನ ಕೆಲಸವೂ ಮುಗಿಯಿತು. ಫಿಲಿಪೀನ್ಸಿನವಳು ಬೇರೊಂದು ಮನೆಗೆ ಹೋದಳು, ನಾನು ಗಂಟು ಕಟ್ಟಿದೆ. ಇನ್ನು ಮರಳಿ ಹೋಗುವುದಿಲ್ಲ ಎಂದೂ ಯಾರಿಗೂ ಹೇಳಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಗೋವಾದಲ್ಲಿ ವಿಮಾನ ಇಳಿದು ಬಸ್ಸು ಹತ್ತಿ ಮುಂಜಾನೆ ಹುಬ್ಬಳ್ಳಿಯಲ್ಲಿ ಇಳಿದೆ. ಬಸ್ಸಿನಲ್ಲಿ ವಾಂತಿಯೂ ಆಗಲಿಲ್ಲ.

ಮನೆಗೆ ಬಂದರೆ ಗೇಟಿಗೆ ಒಳಗಿಂದ ಕೀಲಿ. ಕಂಬದ ಮೇಲೆ ಹಿತ್ತಾಳೆಯ ಹೊಸ ಫಲಕ, ಅಣ್ಣನ ಹೆಸರು, ಕೆಳಗೆ 'ನಿವಾಸ' ಎಂದು. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವಳು ರಂಗೋಲಿ ಹಾಕುತ್ತಿದ್ದಳು. ನನ್ನ ಚೀಲಗಳನ್ನು ನೋಡಿ, ಅವರು ಪೂಜಿಗೆ ಕೂತಿರಬೇಕ್ರಿ, ಐದು ನಿಮಿಷ ನಿಂದರ್ರಿ ಎಂದಳು. ನಿಂತೆ. ಆಕೆಗೆ ಮಾತು ಬೇಕಾಗಿತ್ತು.

ಆ ಮನೆಯವರು ದೇವರಂಥವರು ಎಂದಳು. ಯಜಮಾನರಿಗೆ ಒಬ್ಬಳು ತಂಗಿ ಇದ್ದಾಳಂತೆ, ಗಂಡ ಇಲ್ಲ, ಮಕ್ಕಳಿಲ್ಲ, ದುಬೈನಲ್ಲೋ ಎಲ್ಲೋ ಮಂದಿ ಮನೆಯಲ್ಲಿ ಕೆಲಸಕ್ಕಿದ್ದಾಳಂತೆ. ಬಂದಾಗೊಮ್ಮೆ ತಿಂಗಳಗಟ್ಟಲೆ ಕೂಡಿಸಿಕೊಂಡು ಉಣ್ಣಿಸಿ, ಸೀರೆ ಕೊಟ್ಟು ಕಳಿಸುತ್ತಾರಂತೆ.

"ಈ ಕಾಲದಾಗ ಯಾರು ಮಾಡ್ತಾರ್ರಿ ಅಷ್ಟು. ನೀವು ಅವರಿಗೆ ಏನಾಗಬೇಕು?"

"ದೂರದ ಸಂಬಂಧ" ಎಂದೆ.

೭. ಮನೆ ನೋಡಲು ಬಂದವರು

ಬಾಗಿಲು ತೆಗೆದ ವೈನಿ ನನ್ನನ್ನು ನೋಡಿ ಹೌಹಾರಲಿಲ್ಲ. ಕೈ ಹಿಡಿದು ಒಳಗೆ ಎಳೆದುಕೊಂಡಳು. ಅಣ್ಣನ ಮಗನ ಮದುವೆಯ ಮಾತಿಗೆ ನವಲಗುಂದ ಕಡೆಯಿಂದ ಹೆಣ್ಣಿನವರು ಅವತ್ತೇ ಹನ್ನೊಂದು ಗಂಟೆಗೆ ಬರುವವರಿದ್ದರು. ಹುಡುಗಿಯನ್ನು ಇವರು ನೋಡಿ ಬಂದಾಗಿತ್ತು, ಈಗ ಅವರು ಗಂಡಿನ ಮನೆ ನೋಡುವುದು. ನಮ್ಮಲ್ಲಿ ಹುಡುಗನಿಗಿಂತ ಹೆಚ್ಚು ಹೊತ್ತು ಮನೆಯನ್ನೇ ನೋಡುತ್ತಾರೆ. ಅಡುಗೆಗೆ ಹೇಳಿದ್ದ ಹೆಂಗಸು ಮುಂಜಾನೆ ಕೈ ಕೊಟ್ಟಿದ್ದಳು.

ಬಸ್ಸಿನ ಸೀರೆಯಲ್ಲೇ ಅಡುಗೆಮನೆ ಹೊಕ್ಕೆ. ಅವಲಕ್ಕಿ ಒಗ್ಗರಣೆ, ಮಿರ್ಚಿ ಭಜಿ, ಶಿರಾ. ಹದಿನಾರು ವರ್ಷದ ಕೈ, ಒಂದೂವರೆ ತಾಸಿನಲ್ಲಿ ಮುಗಿಸಿತು. ಶಿರಾದ ಪಾತ್ರೆ ಇಳಿಸುವಾಗ ಅಣ್ಣ ಬಂದು ಬಾಗಿಲಿಗೆ ಅಡ್ಡ ನಿಂತ. ಇಸ್ತ್ರಿ ಅಂಗಿ ಹಾಕಿದ್ದ, ಮುಖ ಬೆವತಿತ್ತು.

"ತಂಗಿ, ಅವರ ಮುಂದ ಮನಿ ಯಾರದು ಅನ್ನೂ ಮಾತು ತಗೀಬ್ಯಾಡ. ಹುಡುಗನ ಬಾಳೇದ ಮಾತು."

ಆಯಿತು ಎಂದೆ. ಇದನ್ನು ಓದುವವರು ನಂಬಬೇಕು, ಮನಃಪೂರ್ವಕ ಎಂದೆ. ಆ ಹುಡುಗನನ್ನು ಎತ್ತಿ ಆಡಿಸಿದವಳು ನಾನು. ಮನೆ ಎಲ್ಲಿಗೂ ಓಡಿಹೋಗುವುದಿಲ್ಲ, ಮದುವೆ ಆಗಲಿ, ಆಮೇಲೆ ನೋಡೋಣ ಎಂದುಕೊಂಡೆ.

ಐದು ಜನ ಬಂದರು. ಅವರಲ್ಲಿ ಹುಡುಗಿಯ ಅಜ್ಜಿಯೇ ಮುಖ್ಯ. ಎಲ್ಲರೂ ಆಯಿ, ಆಯಿ ಎಂದು ಆಕೆಯ ಹಿಂದೆ ನಡೆಯುತ್ತಿದ್ದರು. ಆಯಿ ಮನೆಯನ್ನು ಹೊಲ ನೋಡುವವರಂತೆ ನೋಡಿದಳು. ಗೋಡೆಯನ್ನು ಗೆಣ್ಣಿನಿಂದ ಬಡಿದಳು, ನಲ್ಲಿ ತಿರುಗಿಸಿದಳು, ಅಡುಗೆ ಕಟ್ಟೆಯ ಕೆಳಗೆ ಬಗ್ಗಿದಳು. ಅಣ್ಣ ಹಿಂದೆ ಹಿಂದೆ ಹೋಗುತ್ತ, ಇಲ್ಲಿ ನಾನು ಹೀಗೆ ಮಾಡಿಸಿದೆ, ಅಲ್ಲಿ ನಾನು ಹಾಗೆ ಮಾಡಿಸಿದೆ ಎಂದು ಹೇಳುತ್ತಿದ್ದ. ಹೇಳಲಿ ಎಂದು ಬಿಟ್ಟೆ. ತಾಟು ತಂದು ಕೊಟ್ಟೆ.

ಆಯಿ ಶಿರಾದ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ನನ್ನ ಕಡೆ ಗದ್ದ ಎತ್ತಿ, ಈಕಿ ಯಾರು ಎಂದಳು.

ಅಣ್ಣ ಬಾಯಿ ತೆರೆಯುವ ಮೊದಲೇ ವೈನಿ ಹೇಳಿದಳು, "ಅಡಗಿಗೆ ಬರ್ತಾಳ್ರಿ."

"ಪಗಾರ ಏನು ಕೊಡ್ತೀರಿ? ಮದವಿ ಆಗೂತನಾ ನಮ್ಮ ಕಡೆ ಕಳಸ್ರಿ. ಇಂಥಾ ಕೈ ನಾ ಎಲ್ಲೂ ಕಂಡಿಲ್ಲ."

ನಾನು ಅಣ್ಣನ ಮುಖ ನೋಡಿದೆ. ಅವಸರ ಮಾಡಲಿಲ್ಲ. ಇವಳು ನಮ್ಮ ತಂಗಿ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಮನೆಯ ಮಾತನ್ನು ನಾನು ನುಂಗಿಕೊಂಡೇ ಇರುತ್ತಿದ್ದೆ. ಅವನು ಮೇಲೆ ಫ್ಯಾನು ನೋಡುತ್ತಿದ್ದ. ಕರೆಂಟು ಇರಲಿಲ್ಲ, ಫ್ಯಾನು ತಿರುಗುತ್ತಿರಲಿಲ್ಲ, ಆದರೂ ನೋಡುತ್ತಿದ್ದ.

"ಇವರು ನನಗ ಪಗಾರ ಕೊಡೂದಿಲ್ರಿ ಆಯಿ" ಎಂದೆ. "ನಾನ ಇವರಿಗೆ ಇರಾಕ ಮನಿ ಕೊಟ್ಟೇನಿ. ಇದು ನನ್ನ ಮನಿ. ಇಂವಾ ನಮ್ಮಣ್ಣ."

ಹುಡುಗ ತಲೆ ತಗ್ಗಿಸಿದ. ವೈನಿ ಗೋಡೆಗೆ ಕೈ ಕೊಟ್ಟಳು. ಆಯಿ ಒಬ್ಬಳೇ ಗಾಬರಿಯಾಗಲಿಲ್ಲ. ನನ್ನನ್ನು ಕಾಲಿನಿಂದ ತಲೆಯತನಕ ನೋಡಿದಳು, ಒಮ್ಮೆ ತಲೆ ಎತ್ತಿ ಛತ್ತು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಅಣ್ಣನ ಕಡೆ ಬೆನ್ನು ಬರುವ ಹಾಗೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು.

"ಹಂಗಾರ ನಿನಗ ಗಂಡಮಕ್ಕಳು ಅದಾರೇನು, ಮದವಿಗೆ ಬಂದವರು?"

"ಇಲ್ರಿ."

"ಒಬ್ಬನೂ?"

"ಒಬ್ಬನೂ ಇಲ್ರಿ."

ಆಯಿ ನಿಟ್ಟುಸಿರು ಬಿಟ್ಟು ತಾಟು ಮುಂದೆ ಚಾಚಿದಳು. "ಎಂಥಾ ಛಲೋ ಮನಿ ಇತ್ತು. ಇರಲಿ, ಇನ್ನೊಂದೀಟು ಶಿರಾ ಹಾಕು."

ಹಾಕಿದೆ. ಉಂಡಳು, ಕೈ ತೊಳೆದಳು, ಐದೂ ಜನರನ್ನು ಎಬ್ಬಿಸಿಕೊಂಡು ಹೋದಳು. ಆ ಸಂಬಂಧ ಮುಂದೆ ಹೋಗಲಿಲ್ಲ.

ಅಣ್ಣ ಅವತ್ತು ಬೈಯಲಿಲ್ಲ. ಬೈದಿದ್ದರೆ ಉತ್ತರ ಇತ್ತು ನನ್ನ ಹತ್ತಿರ. ಸಂಜೆ ಸ್ಕ್ರೂಡ್ರೈವರ್ ತಗೊಂಡು ಹೋಗಿ ಗೇಟಿನ ಫಲಕವನ್ನು ತಾನೇ ಬಿಚ್ಚಿದ. ಬಿಚ್ಚುತ್ತ ನನ್ನ ಕಡೆ ನೋಡದೆ, "ಈ ಮನಿಯ ಒಂದೊಂದು ಗ್ವಾಡಿಗೂ ಬ್ಯಾಸಗ್ಯಾಗ ನಿಂತು ನೀರು ಹೊಡದಾಂವ ನಾನು. ಆವಾಗ ನೀ ಎಲ್ಲಿದ್ದಿ?" ಎಂದ.

"ಮಸ್ಕತ್ತಿನ್ಯಾಗ" ಎಂದೆ.

ಇಬ್ಬರ ಮಾತೂ ಖರೆಯೇ ಇತ್ತು. ಹೋಗು ಎಂದು ನಾನು ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ತಿಂಗಳೊಳಗೆ ರಾಯಾಪುರದಲ್ಲಿ ಬಾಡಿಗೆ ಮನೆ ಹಿಡಿದು ಹೋದರು. ಹುಡುಗನ ಮದುವೆ ಬೇರೆ ಕಡೆ ಆಯಿತು. ನಮ್ಮ ಓಣಿಗೆಲ್ಲ ಲಗ್ನಪತ್ರಿಕೆ ಬಂತು, ಎದುರು ಮನೆಯ ಬಾಡಿಗೆಯವಳಿಗೂ ಬಂತು. ನನ್ನ ಗೇಟನ್ನು ದಾಟಿಕೊಂಡು ಹೋಗಿ ಕೊಟ್ಟರು.

ಈಗ ಗೋಪನಕೊಪ್ಪದಲ್ಲಿ ಎರಡು ಮಲಗುವ ಖೋಲಿ, ಒಂದು ಅಡುಗೆಮನೆ, ಒಂದು ಬೋರು, ಮೂರು ಕಪಾಟು ಪುಸ್ತಕ ನನ್ನವು. ಮನೆಯ ಉತಾರ ಪತ್ರದಲ್ಲಿ ನನ್ನೊಬ್ಬಳದೇ ಹೆಸರು. ದಿನಾ ಬೇರೆ ಬೇರೆ ಖೋಲಿಯಲ್ಲಿ ಮಲಗಿದರೂ ಕೇಳುವವರಿಲ್ಲ. ಇದಕ್ಕೆ ಹದಿನಾರು ವರ್ಷ ಕೊಟ್ಟೆ, ಇದ್ದ ಒಬ್ಬ ಅಣ್ಣನನ್ನು ಕೊಟ್ಟೆ. ತುಟ್ಟಿಯಾಯಿತು. ಗೊತ್ತಿದ್ದೇ ತಗೊಂಡೆ.